ಬಿಲ್ಲೆ

ಹಾಸನದ ಆಲೂಗಡ್ಡೆ ಮಂಡಿ,
ಏಳನೇ ನಂಬರಿನ ಮಳಿಗೆ, ಅಟ್ಟದ ಮೇಲೆ ಆಫೀಸು.
ಮೇಲ್ ಬರ್ತಿಲ್ಲ ಅಂತ ಫೋನು.
ಸ್ಕ್ರೂಡ್ರೈವರು, ಪೆನ್‌ಡ್ರೈವು, ಒಂದು ಹಳೇ ಕೇಬಲ್ಲು
ಜೇಬಿಗೆ ತುರುಕಿಕೊಂಡು ಹೋದೆ.

ಮೆಟ್ಟಿಲ ಮೇಲೂ ಗೋಣಿಚೀಲ,
ಕೀಬೋರ್ಡಿನ ಸಂದಿಯಲ್ಲೂ ಕೆಮ್ಮಣ್ಣು.

ತಿರುಮಲೇಗೌಡರು ಮಾತು ಶುರು ಮಾಡಿದ್ದು
ಕಂಪ್ಯೂಟರಿನಿಂದಲ್ಲ, ಇಂದ್ರಮ್ಮನಿಂದ.
"ಜಲಂಧರಕ್ಕೆ ಬೀಜದ ಆರ್ಡರ್ ಕಳ್ಸು ಅಂದ್ರೆ
ಕಳ್ಸೇ ಇಲ್ಲ ಈ ವಮ್ಮ.
ಮೂರು ಸಲ! ಅವನು ನಹೀ ಮಿಲಾ ಅಂತಾನೆ,
ಇವಳು ಕಳ್ಸಿದೀನಿ ಅಂತಾಳೆ.
ಹೋದ ವಾರದಿಂದ ಬರೋದೂ ನಿಂತೋಯ್ತು.
ಎಲ್ಲೆಲ್ಲಿ ಒತ್ತಿದಳೋ."

ಇಂದ್ರಮ್ಮ ಏನೂ ಹೇಳಲಿಲ್ಲ.
ಎದ್ದು ಕುರ್ಚಿ ಬಿಟ್ಟುಕೊಟ್ಟರು.

ನಾನು ಎಂದಿನ ದಾರಿ ಹಿಡಿದೆ.
ನೆಟ್ಟು? ಇದೆ.
ಪಾಸ್‌ವರ್ಡು? ಕ್ಯಾಲೆಂಡರಿನ ಬೆನ್ನಲ್ಲಿ, ಪೆನ್ಸಿಲಿನಲ್ಲಿ,
ಯಾವುದೋ ಮಗುವಿನ ಹೆಸರು, ಮೂರು ಸೊನ್ನೆ. ಸರಿ ಇದೆ.
ಪೋರ್ಟು ಸರಿ. ಆಂಟಿವೈರಸ್ಸನ್ನು
ಸ್ವಲ್ಪ ಹೊತ್ತು ಮಲಗಿಸಿದೆ.
ಆಫ್ ಮಾಡಿ ಆನ್ ಮಾಡಿದೆ,
ನಮ್ಮ ಕಸುಬಿನ ತೀರ್ಥ ಅದು, ಎಲ್ಲ ರೋಗಕ್ಕೂ.
ಹಸಿರು ಪಟ್ಟಿ ಮುಕ್ಕಾಲು ದಾರಿ ಹೋಗಿ ನಿಲ್ಲುತ್ತದೆ.
ಮತ್ತೆ ಅದೇ ತಕರಾರು:
ಈ ಸರ್ವರಿನ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ.

ಇನ್ನೂ?

ಆ ಒಂದು ಪದಕ್ಕೆ ಕೈ ನಿಂತಿತು.
ಪರದೆಯ ಬಲಮೂಲೆ ಕಣ್ಣಿಗೆ ಬಿದ್ದದ್ದು ಆಗ:
ಜನವರಿ ಒಂದು, ಎರಡು ಸಾವಿರದ ಒಂಬತ್ತು.

"ಅದಾ? ಅದು ದಿನಾ ಹಂಗೇ ಕಣಪ್ಪ,"
ಇಂದ್ರಮ್ಮ ಮೊದಲ ಸಲ ಬಾಯಿ ಬಿಟ್ಟರು.
"ಸಂಜೆ ಮೇನ್ ಸ್ವಿಚ್ ಆರಿಸಿ ಹೋಗ್ತೀವಲ್ಲ,
ಬೆಳಿಗ್ಗೆ ಬಂದ್ರೆ ಮತ್ತೆ ಅದೇ ಜನವರಿ.
ನಾನು ಗೋಡೆ ನೋಡಿ ತಾರೀಕು ಬರ್ಕೋತೀನಿ.
ಆ ಮೂಲೇನ ಯಾರು ನೋಡ್ತಾರೆ."

ಎಷ್ಟು ತಿಂಗಳಿಂದಲೋ ಈ ಪೆಟ್ಟಿಗೆಗೆ
ಎರಡನೇ ತಾರೀಕೇ ಇರಲಿಲ್ಲ.
ಹೊಸ ವರ್ಷಕ್ಕೆ ಎದ್ದು, ಸಂಜೆ ಕಣ್ಮುಚ್ಚಿ,
ಮತ್ತೆ ಹೊಸ ವರ್ಷಕ್ಕೇ ಏಳುವುದು.
ಅತ್ತ ಸರ್ವರಿಗೆ ಹೊಸ ಬೀಗ ಬಿದ್ದಿದೆ.
ಇನ್ನೂ ಹುಟ್ಟದವನು ಬಾಗಿಲಲ್ಲಿ ನಿಂತು
ಗುರುತಿನ ಚೀಟಿ ತೋರಿಸಿದರೆ
ಅದಾದರೂ ಹೇಗೆ ನಂಬೀತು, ಪಾಪ.

ಹೊಟ್ಟೆ ಬಿಚ್ಚಿದೆ. ಧೂಳು. ಒಂದು ಜೇಡ.
ಮೂಲೆಯಲ್ಲಿ ಐದು ರೂಪಾಯಿ ನಾಣ್ಯದಗಲದ
ಸತ್ತ ಬ್ಯಾಟರಿ ಬಿಲ್ಲೆ.
ಕೆಳಗಿಳಿದು ವಾಚ್ ರಿಪೇರಿಯ ಗಫಾರ್ ಸಾಬರಲ್ಲಿ
ಮೂವತ್ತು ರೂಪಾಯಿಗೆ ಹೊಸದು ತಂದೆ.
ಕೂರಿಸಿದೆ. ತಾರೀಕು ತಿದ್ದಿದೆ.

ಹಸಿರು ಪಟ್ಟಿ ಮುಕ್ಕಾಲು ದಾಟಿತು.
ಲಾರಿಯಿಂದ ಮೂಟೆ ಉರುಳಿದ ಹಾಗೆ ಬಿದ್ದವು ಮೇಲುಗಳು,
ಎಂಟು, ನಲವತ್ತು, ಇನ್ನೂರ ಹನ್ನೆರಡು:
ಕೋಲ್ಡ್ ಸ್ಟೋರೇಜಿನ ಬಾಡಿಗೆ, ಲಾಟರಿ ಗೆದ್ದಿದ್ದೀರಿ,
ಜಿಎಸ್‌ಟಿ ನೋಟಿಸು, ಮತ್ತೆ ಲಾಟರಿ.

ಗೌಡರಿಗೆ ಅಷ್ಟೇ ಸಾಕಿತ್ತು. ಎಷ್ಟಾಯ್ತಪ್ಪ ಅಂದರು.
ನನಗೆ ಸಾಕಾಗಲಿಲ್ಲ.

"ಜಲಂಧರಕ್ಕೆ ಒಂದು ಫೋನ್ ಹಾಕಿ ಸಾರ್.
ಇನ್‌ಬಾಕ್ಸಿನ ತೀರಾ ತಳಕ್ಕೆ ಹೋಗಿ ನೋಡಲಿ,
ಎರಡು ಸಾವಿರದ ಒಂಬತ್ತರ ಸಾಲಿನಲ್ಲಿ."

ಸ್ಪೀಕರ್ ಹಾಕಿದರು. ಆ ಕಡೆ
ಮೌಸಿನ ಗಾಲಿ ತಿರುಗುವ ಸದ್ದು,
ತಿರುಗಿ, ತಿರುಗಿ, ವರ್ಷಗಳ ಮೇಲೆ ಇಳಿದು ಇಳಿದು
"ಹಾಂಜೀ," ಅಂದಿತು ಫೋನು. "ತೀನ್ ಹೈಂ."

ಮೂರಕ್ಕೆ ಮೂರೂ.
ಕಳೆದಿರಲಿಲ್ಲ, ಕೆಳಗಿದ್ದವು.
ಸೊಪ್ಪು ಒಣಗಿತೆಂದು ಹೊಲ ಬಿಟ್ಟು ಬರುವವರಲ್ಲ ಇವರು,
ಅಗೆದು ನೋಡುವ ಜನ. ಆದರೂ.

ಗೌಡರು ಗಂಟಲು ಸರಿ ಮಾಡಿಕೊಂಡರು.
ಬೆಳಿಗ್ಗೆಯಿಂದ ಆ ಬಾಯಲ್ಲಿ ಇರದ ಬಹುವಚನ
ಎಲ್ಲಿಂದಲೋ ಹೊರಟು ಬಂತು:
"ಇಂದ್ರಮ್ಮನೋರೇ, ಮೂರು ಟೀ ಹೇಳಿಸ್ಲಾ?"

"ನಂದು ಆಯ್ತು," ಅಂದರು ಇಂದ್ರಮ್ಮ,
ಕುರ್ಚಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತ.
ನಾಲ್ಕನೆಯ ಸಲ ಅದೇ ಆರ್ಡರ್ ಟೈಪು ಮಾಡಿದರು.
ಗೋಡೆ ನೋಡಿದರು. ಮೂಲೆ ನೋಡಿದರು. ಎರಡೂ ಒಂದೇ.
ಒತ್ತಿದರು.

ಆಮೇಲೆ ಡ್ರಾಯರಿನಿಂದ ನೋಟ್‌ಬುಕ್ಕು ತೆಗೆದು
ನೀಲಿ ಶಾಯಿಯಲ್ಲಿ, ಗಂಟೆ ನಿಮಿಷದ ಸಮೇತ,
ಕಳಿಸಿದೆ ಎಂದು ಬರೆದು
ನನ್ನ ಕಡೆ ತಿರುಗಿಸಿದರು:
"ಇಲ್ಲೊಂದು ಸೈನ್ ಹಾಕಪ್ಪ."