ಚಿಮಟ

ಅಜ್ಜಿಯ ಕೊರಳಲ್ಲಿ ಎರಡು ದಾರ.
ನೀಲಿಯದು ದೇವರದು.
ಇನ್ನೊಂದರಲ್ಲಿ ಚಿಮಟ ತೂಗುತ್ತದೆ,
ವೊಲ್ಲೋ ಸಂತೆಯ ಕಮ್ಮಾರ
ಎಣ್ಣೆಡಬ್ಬಿಯ ತಗಡು ಮಡಿಚಿ ಮಾಡಿದ್ದು.
ಅದರ ಬೆನ್ನಮೇಲೆ ಇನ್ನೂ ಅರ್ಧ ಅಕ್ಷರ.

ಶನಿವಾರ ಬಿಸಿಲೇರುವ ಮೊದಲು
ತಲೆಯನ್ನು ನನ್ನ ತೊಡೆಗೆ ಕೊಡುತ್ತಾಳೆ.
ರೆಪ್ಪೆ ಎತ್ತಿ ಹುಡುಕುತ್ತೇನೆ
ಒಳಮುಖವಾಗಿ ಬಾಗಿದ ಕೂದಲು.
ರೆಪ್ಪೆ ಬಡಿದಾಗಲೆಲ್ಲ ಕಣ್ಣಗುಡ್ಡೆ ಗೀರುವ ಮುಳ್ಳು.
ಕಾಯಬೇಕಾದ ರೆಪ್ಪೆಯೇ ಹೀಗೆ:
ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ಕಿತ್ತದ್ದನ್ನು ಉಗುರ ಮೇಲಿಟ್ಟು ಎಣಿಸುತ್ತೇನೆ.
ಏಳು.
"ಎಂಟು," ಎನ್ನುತ್ತಾಳೆ, "ಇನ್ನೊಂದು ಚುಚ್ಚುತ್ತಿದೆ."

"ಯಾವಾಗ ಶುರುವಾಯಿತು?"
"ಮುಲಾತ್‌ನಷ್ಟು ಇದ್ದಾಗ.
ಆಗ ನೋವಿರಲಿಲ್ಲ ಮಗಳೇ.
ಕಣ್ಣಲ್ಲಿ ಪಿಸುರು, ಪಿಸುರಿಗೆ ನೊಣ.
ಓಣಿಯ ಮಕ್ಕಳೆಲ್ಲ ಹಾಗೇ ಇದ್ದೆವು.
ಎಲ್ಲರಿಗೂ ಇರುವುದನ್ನು
ರೋಗ ಅಂತ ಯಾರು ಕರೆಯುತ್ತಾರೆ?"

ನೆತೆಲಾ ಹೊದಿಕೆಯ ಅಂಚಿನಲ್ಲಿ
ಅವಳು ಅಮ್ಮನ ಕಣ್ಣೊರೆಸಿದಳು,
ಅದೇ ಅಂಚಿನಲ್ಲಿ ಅಮ್ಮನ ತಮ್ಮಂದಿರ ಕಣ್ಣು.
ಅಮ್ಮ ನನ್ನದು ಒರೆಸಿದಳು, ಆಮೇಲೆ ಮುಲಾತ್‌ನದು.
ಬಿಳಿ ಬಟ್ಟೆ, ಹಸಿರು ಅಂಚು.
ಮುದ್ದಿನ ಜೊತೆಗೇ ದಾಟಿತು ಅದು,
ಯಾರನ್ನು ಬೈಯಲಿ?

ಕಳೆದ ತಿಂಗಳು ತಿರುನೆಶ್ ಬಂದಳು,
ಆರೋಗ್ಯ ಕೇಂದ್ರದವಳು, ಕೈಯಲ್ಲಿ ಗೀಟು ಹಾಕಿದ ಕೋಲು.
ಕೋಲಿನ ಪಕ್ಕ ನಿಲ್ಲಿಸಿ ಎತ್ತರ ನೋಡಿ ಔಷಧಿ.
ಮುಲಾತ್ ತುದಿಗಾಲಲ್ಲಿ ನಿಂತ,
ದೊಡ್ಡವರ ಗೀಟು ಮುಟ್ಟಲು.
ತಿರುನೆಶ್ ಅವನ ಹಿಮ್ಮಡಿ ಒತ್ತಿ ನೆಲಕ್ಕಿಳಿಸಿದಳು.
ಅಜ್ಜಿಗೆ ಬೇರೆ ಮಾತು: ರೆಪ್ಪೆಗೆ ಆಪರೇಷನ್, ಅರ್ಧ ಗಂಟೆಯ ಕೆಲಸ.
"ತೆಫ್ ಕೊಯ್ಲು ಮುಗಿಯಲಿ," ಎಂದಳು ಅಜ್ಜಿ.
ಮೂರು ಕೊಯ್ಲಿನಿಂದ ಅದೇ ಮಾತು.

ಮತ್ತೆ ಮುಖ ತೊಳೆಯುವ ವಿಷಯ ಬಂದಾಗ
ಅಜ್ಜಿ ಸಿಟ್ಟಾದಳು.
"ಎರಡು ಗುಡ್ಡ ಇಳಿದು ಏರಿ ತಂದ ನೀರು!
ಹಿಟ್ಟಿಗೋ, ಕುಡಿಯಲೋ, ಎತ್ತಿಗೋ,
ಅಥವಾ ನಾಳೆ ಮತ್ತೆ ಕೊಳೆಯಾಗುವ ಮೂತಿಗೋ?"
ಕೊಡ ಹೊರುವವಳು ನಾನು.
ನಾನು ಉತ್ತರ ಕೊಡಲಿಲ್ಲ.

ಹಳೆಯ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ
ಕಾದ ಮೊಳೆಯಿಂದ ತೂತು ಮಾಡಿದೆ.
ಬೋರಲು ಹಾಕಿದರೆ ದಾರದಷ್ಟೇ ನೀರು.
ಒಂದು ಲೋಟದಲ್ಲಿ ಮೂರು ಮುಖ,
ಇನ್ನೂ ಒಂದು ಗುಟುಕು ಉಳಿಯಿತು.
ಅಜ್ಜಿ ಬಾಟಲಿ ತಡವಿ ನೋಡಿ ಸುಮ್ಮನಾದಳು.
ಅವಳ ಸುಮ್ಮನೆ ಒಪ್ಪಿಗೆಯಲ್ಲ, ಗೊತ್ತು ನನಗೆ.

ಇವತ್ತು ಮುಲಾತ್ ಹೊಸ್ತಿಲಲ್ಲಿ ಕೂತಿದ್ದಾನೆ,
ಕೆನ್ನೆ ಇನ್ನೂ ಒದ್ದೆ.
ನೊಣ ಬಂತು. ಮೂಗೇರಿತು,
ಕಣ್ಣಿನ ಮೂಲೆಯಲ್ಲಿ ತಡಕಾಡಿತು,
ಮುಂಗಾಲು ಉಜ್ಜಿಕೊಂಡು ಎದ್ದುಹೋಯಿತು.

"ಹೋಯಿತಾ?" ಅಜ್ಜಿ ಕೇಳಿದಳು.
"ಹೋಯಿತು."
"ಎಲ್ಲಿಗೆ?"

ಬೇಲಿಯಾಚೆ ಆಸ್ನಾಕುವಿನ ಮಗು ಅಳುತ್ತಿತ್ತು.
ಬಾಟಲಿಯಲ್ಲಿ ಉಳಿದದ್ದೆಷ್ಟು ಎಂದು
ಬೆಳಕಿಗೆ ಹಿಡಿದು ನೋಡಿದೆ.