ಗಾಳಿ ಲೆಕ್ಕ

ಉಬಾಗೌರಾದ ಕೊನೆಯ ಬಸ್ ನಿಲ್ದಾಣಕ್ಕೆ
'ಸ್ಥಾವರದ ಮುಂದೆ' ಎಂದು ಹೆಸರು.
ಇಳಿದ ಪರಸ್ಥಳದವರು ಸುತ್ತ ನೋಡಿ ಕೇಳುತ್ತಾರೆ,
ಎಲ್ಲಿ ಸ್ಥಾವರ?
ಎದುರಿಗೆ ಬಿದಿರು, ಬಿದಿರಾಚೆ ಕಾಡುಹಂದಿ ಕೆದರಿದ ದಿಬ್ಬ,
ದಿಬ್ಬದಾಚೆ ಜಪಾನಿನ ಕಡಲು.
ಕೂಸು ಹುಟ್ಟಲಿಲ್ಲ;
ಹೊಲಿದಿಟ್ಟ ಕುಲಾವಿ ಮಾತ್ರ
ತುಕ್ಕು ಹಿಡಿದ ಕಂಬದ ಮೇಲೆ.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ
ಅಣು ವಿದ್ಯುತ್ ಕಂಪನಿಯವರು ಬಂದರು,
ಮನೆಗೊಂದರಂತೆ ಕಲ್ಲಂಗಡಿ ಹೊತ್ತು.
ಅಮ್ಮ ನಮ್ಮ ಪಾಲಿನದನ್ನು ಒಡೆಯದೆ
ಅಂಗಳದಲ್ಲೇ ಕೊಳೆಯಲು ಬಿಟ್ಟಳು.
ಅಪ್ಪ ಆ ತಿಂಗಳೇ ಕೆಲಸಕ್ಕೆ ಸೇರಿದ.
ದಿಬ್ಬದ ಮೇಲೆ ನೆಟ್ಟ ಕಬ್ಬಿಣದ ಕಂಬದ ಬುಡದಲ್ಲಿ ಕೂತು
ಗಾಳಿ ಯಾವ ಕಡೆಯದು, ಎಷ್ಟು ಜೋರು,
ದಿನಕ್ಕೆ ಮೂರು ಸಲ ಬರೆಯುವುದು.
ಏನಾದರೂ ಸೋರಿದರೆ ಯಾರ ಮನೆಯ ಕಡೆ ಹೋದೀತು
ಮೊದಲೇ ತಿಳಿದಿರಬೇಕಂತೆ.
ಸಂಬಳ ಒಳ್ಳೆಯದಿತ್ತು.
ನನ್ನ ಮೊದಲ ಕನ್ನಡಕ ಆ ದುಡ್ಡಿನದು.

ಅಮ್ಮ ಕಿನುಯೊ,
ಉಸಿರು ಕಟ್ಟಿ ಮುಳುಗಿ ಬಂಡೆಯಿಂದ ಚಿಪ್ಪು ಕೀಳುವವಳು.
ಗಾಳಿ ಅಳೆಯಲು ಅವಳಿಗೆ ಕಂಬ ಬೇಕಿರಲಿಲ್ಲ,
ಎದೆಯೊಂದೇ ಸಾಕಿತ್ತು.
ದೋಣಿ ದೋಣಿಗೂ ಹಳದಿ ಬಾವುಟ ಕಟ್ಟಿದ
ಹನ್ನೊಂದು ಹೆಂಗಸರಲ್ಲಿ ಅವಳೂ ಒಬ್ಬಳು.

ಊರು ಸೀಳಿತು.
ಒಬ್ಬ ಕ್ಷೌರಿಕ ಸಾಕಾಗಿದ್ದಲ್ಲಿ ಇಬ್ಬರಾದರು.
ಊರ ಸ್ನಾನದ ಮನೆಯ ಒಂದೇ ಬಿಸಿನೀರಲ್ಲಿ ಕೂತ ಹೆಂಗಸರು
ಬೇರೆ ಬೇರೆ ಗೋಡೆ ನೋಡಿದರು.
ನಮ್ಮ ಮನೆಯಲ್ಲಿ ಅನ್ನಕ್ಕೆ ಎರಡು ಪಾತ್ರೆ.
ನಾನು ಎರಡರಲ್ಲೂ ಉಂಡೆ,
ಎರಡು ಕಡೆಯೂ ಇಲ್ಲೇ ರುಚಿ ಎಂದೆ.
'ನಿಮ್ಮಪ್ಪನಿಗೆ ಹೇಳು, ಸೂರು ಸೋರುತ್ತಿದೆ.'
ಅಪ್ಪ ಎರಡು ಮಾರು ದೂರದಲ್ಲಿ ಬಲೆಗೆ ಗಂಟು ಹಾಕುತ್ತ
ನಾನು ಹೇಳುವವರೆಗೂ ಕಾಯುತ್ತಿದ್ದ.

ಇಪ್ಪತ್ತಾರು ವರ್ಷ.
ಅಜ್ಜ ಇಸೊಜಿರೊ ಸತ್ತಾಗ
ಆ ಕಡೆಯ ಮೂವರು, ಈ ಕಡೆಯ ಮೂವರು ಹೆಗಲು ಕೊಟ್ಟರು.
ಹೆಜ್ಜೆ ಕೂಡಲಿಲ್ಲ;
ದಾರಿಯುದ್ದಕ್ಕೂ ಅಜ್ಜ ದೋಣಿಯಲ್ಲಿದ್ದಂತೆ ಓಲಾಡಿದ.

ಆಮೇಲೆ ಒಂದು ಮಂಗಳವಾರ ಕಾಗದ ಬಂತು. ಎರಡೂವರೆ ಸಾಲು.
ಪರಿಸ್ಥಿತಿಯನ್ನು ಪರಿಗಣಿಸಿ ಯೋಜನೆ ಕೈಬಿಡಲಾಗಿದೆ.
ಉಳಿದರ್ಧ ಸಾಲು, ಸಹಕಾರಕ್ಕೆ ವಂದನೆ.
ಗೆದ್ದವರು ಕೂಗಲಿಲ್ಲ.
ಕೂಗಬೇಕಿದ್ದವರಲ್ಲಿ ಅರ್ಧ ಮಂದಿ ಬೂದಿಯಾಗಿದ್ದರು.
ತೊಮೆ ಅಜ್ಜಿ ಬಾವುಟ ಒಗೆದು
ಅಡುಗೆಮನೆಗೆ ಮಸಿಬಟ್ಟೆ ಮಾಡಿಕೊಂಡಳು.

ಕಂಬ ಕಳಚಿ ಲಾರಿಗೆ ಹೇರಿದರು.
ಅಪ್ಪನ ಅರವತ್ತೆರಡು ನೋಟ್‌ಪುಸ್ತಕ ಬೇಡವೆಂದರು.
ಅವನು ಮೂರು ಸಲ ದಿಬ್ಬ ಹತ್ತಿ ಇಳಿದು ಹೊತ್ತು ತಂದು
ಅಟ್ಟದಲ್ಲಿ, ಸೋರದ ಮೂಲೆಯಲ್ಲಿ, ಒಟ್ಟಿದ.
ಏನನ್ನೂ ಯಾರ ಮನೆಗೂ ಹೊತ್ತೊಯ್ಯದ
ಇಪ್ಪತ್ತಾರು ವರ್ಷದ ಗಾಳಿ.
ನಾನು ಕದ್ದು ತೆರೆದು ನೋಡಿದೆ,
ಅಂಚಿನಲ್ಲೆಲ್ಲಾದರೂ ಅಮ್ಮನ ಹೆಸರಿದೆಯೇ ಎಂದು.
ಇರಲಿಲ್ಲ. ದಿಕ್ಕು, ವೇಗ, ಹೊತ್ತು.
ಒಂದು ಪುಟದಲ್ಲಿ ಚಹಾದ ಕಲೆ.

ಮರುದಿನ ಬೆಳಿಗ್ಗೆ ಆರಕ್ಕೆ
ಅಪ್ಪ ಟೋಪಿ ಇಟ್ಟು ಹೊಸಿಲಲ್ಲಿ ನಿಂತಿದ್ದ,
ಹೋಗಲು ಜಾಗವಿಲ್ಲದೆ.
ಕಪ್ಪು ಉಡುಪು ತೊಟ್ಟು, ಸೊಂಟಕ್ಕೆ ಸೀಸದ ಪಟ್ಟಿ ಬಿಗಿದು
ಹೊರಟ ಅಮ್ಮ ಅವನ ಪಕ್ಕ ತಡೆದಳು.
ನನ್ನ ಕಡೆ ತಿರುಗಲಿಲ್ಲ.
'ಇವತ್ತು ಯಾವ ಗಾಳಿ?'

ಅವನು ಬೆರಳು ನೆಕ್ಕಿ ಎತ್ತಿದ.
ಬಹಳ ಹೊತ್ತು ಹಾಗೇ ಹಿಡಿದ.
'ಗೊತ್ತಾಗ್ತಿಲ್ಲ' ಅಂದ.

'ತೆಂಕಣದ್ದು' ಎಂದಳು ಮೆಟ್ಟಿಲಿಳಿಯುತ್ತ,
'ಮಧ್ಯಾಹ್ನಕ್ಕೆ ತಿರುಗುತ್ತದೆ. ಬರೆದುಕೋ.'