ಷರಾ

ಮೌಲ್ಯಮಾಪಕಿ ಅಂದರೆ
ಉತ್ತರಪತ್ರಿಕೆ ತಿದ್ದುವವಳು ಅಂದುಕೊಂಡಿದ್ದಾರೆ ನಮ್ಮತ್ತೆ.
ಇರಲಿ. ಪೂರ್ತಿ ತಪ್ಪೇನಲ್ಲ.
ಗೋಡೆಗಳು ಬರೆದಿರುತ್ತವೆ,
ನಾನು ಬ್ಯಾಂಕಿನ ಪರವಾಗಿ ಅಂಕ ಹಾಕುತ್ತೇನೆ.

ದೇರಳಕಟ್ಟೆಯಿಂದ ಒಳಗೆ, ಇಳಿಜಾರು ಮುಗಿಯುವಲ್ಲಿ
ಐದೂವರೆ ಸೆಂಟ್ಸು ಜಾಗ, ಕೆಂಪುಕಲ್ಲಿನ ಗೋಡೆ,
ಹದಿನಾರು ವರ್ಷದ ಮನೆ.
ಬಾವಿ ಉಂಟು, ಏಪ್ರಿಲ್‌ವರೆಗೆ ನೀರೂ ಉಂಟು.
ಮಾರುವವರು ಸೆವ್ರಿನ್ ಬಾಯಿ, ಹೆರಿಗೆ ವಾರ್ಡಿನ ಹಳೇ ನರ್ಸು.
ಕೊಳ್ಳುವವಳು ಯಶವಂತಿ ಕಾಂಚನ್:
ಮೂವತ್ತೆಂಟು ಲಕ್ಷದ ಅರ್ಜಿ,
ಆದಾಯದ ಮೂಲ: ಬನ್ನು, ಖಾರ ಬಿಸ್ಕತ್ತು, ಮೊಟ್ಟೆ ಪಫ್ಸು.

ಲೇಸರಿನ ಕೆಂಪು ಚುಕ್ಕೆ
ಚಾವಡಿಯಲ್ಲಿ ಸರಿಯಾಗಿ ನಿಂತಿತು, ಅಡುಗೆಮನೆಯಲ್ಲೂ.
ಹಿಂದಿನ ಕೋಣೆಯಲ್ಲಿ ಮಾತ್ರ
ಎಲ್ಲಿಗೋ ತಾಗಿ ನನ್ನ ಸೀರೆಗೇ ಮರಳಿ ಬಂತು.
ಬಾಗಿ ನೋಡಿದೆ, ಮೂಲೆಯಲ್ಲಿ ಅಂಗೈಯಗಲ
ಬೆಳ್ಳಿಕಾಗದ ಇನ್ನೂ ಅಂಟಿಕೊಂಡಿತ್ತು.

ಹನ್ನೆರಡು, ಹತ್ತು.
ಕಿಟಕಿ ಎರಡು, ಎರಡಕ್ಕೂ ಕರಿ ಪ್ಲಾಸ್ಟಿಕ್ಕಿನ ಅಂಟು.
ಸ್ಲ್ಯಾಬಿನಲ್ಲಿ ಇಪ್ಪತ್ತೊಂದು ಕೊಕ್ಕೆ.
(ತೊಟ್ಟಿಲಿಗಾದರೆ ಒಂದು ಸಾಕು.)
ಹೆಬ್ಬೆರಳಿಗಿಂತ ದಪ್ಪ ಕೇಬಲ್ಲು, ಒಂಬತ್ತು ಪವರ್ ಪಾಯಿಂಟು.
ಹೊಸ ಬಣ್ಣದಡಿ ಬೂಷ್ಟು,
ಮಳೆಯದ್ದಲ್ಲ. ಮಳೆಯದ್ದು ಮೇಲಿನಿಂದ ಇಳಿಯುತ್ತದೆ.
ಇದು ಕೋಣೆ ಒಳಗೊಳಗೇ ಬೆವರಿದ್ದು.

"ನಾಲ್ಕು ಹುಡುಗರು. ಒಂದನೇ ತಾರೀಕಿಗೆ ಬಾಡಿಗೆ, ಒಂದು ದಿನ ತಪ್ಪಿದ್ದಿಲ್ಲ.
ಕ್ರಿಸ್ಮಸಿಗೆ ಕುಸ್ವಾರ್ ಕೊಂಡುಹೋದರೆ
ಬಾಗಿಲ ಸಂದಿಯಿಂದಲೇ ತಟ್ಟೆ ತೆಗೆದುಕೊಂಡರು.
ಕರೆಂಟು ಬಿಲ್ಲು ನೋಡಿ ಎಂತದೋ ಕಂಪ್ಯೂಟರ್ ಅಂದುಕೊಂಡೆ.
ಗಿಡಕ್ಕೆ ದಿನಕ್ಕೆ ಹದಿನೆಂಟು ಗಂಟೆ ಬಿಸಿಲು ಕೊಡ್ತಿದ್ದರಂತೆ.
ನಾನು ಮಲಗಿದ್ದಾಗ ಗೋಡೆಯಾಚೆ ಮಧ್ಯಾಹ್ನ."

ಪೊಲೀಸರು ಎಣಿಸಿದ್ದು ನಲವತ್ತಮೂರು ಕುಂಡ.
ಪಂಚನಾಮೆಗೆ ಸಹಿ ಹಾಕಿದ್ದು ಎದುರುಮನೆಯವರು.

"ಸೀಲು ತೆಗೆದ ದಿನವೇ ಫಿನಾಯಿಲ್ ಹಾಕಿ ಒರೆಸಿದೆ, ಮೂರು ಸಲ.
ಈಗಲೂ ವಾಸನೆ ಬರ್ತದಾ?"
ಬರುತ್ತಿತ್ತು.
ಫಿನಾಯಿಲಿನದು.

ಇದೇ ಓಣಿಯ ಇಂಥದೇ ಮನೆ ಹೋದದ್ದು ಅರವತ್ತೆರಡಕ್ಕೆ,
ಇದನ್ನು ಕೇಳುತ್ತಿರುವುದು ನಲವತ್ತೊಂಬತ್ತಕ್ಕೆ.
ಸವಕಳಿಗೆ ನನ್ನಲ್ಲಿ ಕೋಷ್ಟಕ ಉಂಟು,
ಗಾರೆಗೆ ಇಷ್ಟು, ಸರಳಿಗೆ ಇಷ್ಟು, ವರ್ಷಕ್ಕೆ ಇಷ್ಟು.
ಸೆವ್ರಿನ್ ಬಾಯಿಯ ಮನೆಯನ್ನು ಸವೆಸಿದ್ದು ಊರಬಾಯಿ,
ಅದಕ್ಕೆ ಶೇಕಡಾ ಎಷ್ಟು ಎಂದು
ಯಾವ ಸುತ್ತೋಲೆಯೂ ಹೇಳುವುದಿಲ್ಲ.

ಬ್ಯಾಂಕಿನಿಂದ ಫೋನು:
"ಮೇಡಂ, ಷರಾದಲ್ಲಿ ಆ ಶಬ್ದ ಬೇಡ.
ಆ ಶಬ್ದ ಬಂದರೆ ಫೈಲು ಲೀಗಲ್ಲಿಗೆ ಹೋಗ್ತದೆ,
ಹೋದದ್ದು ಮಳೆಗಾಲ ಕಳೆದು ಬರ್ತದೆ.
ಸಾಮಾನಿನ ಕೋಣೆ ಅಂತ ಬರೀರಿ, ಆಯ್ತು."

ಅಷ್ಟರಲ್ಲಿ ಯಶವಂತಿ ಗೋಡೆ ಸವರುತ್ತ
ಪವರ್ ಪಾಯಿಂಟು ಎಣಿಸುತ್ತಿದ್ದಳು.
ಓವನ್ ಎರಡು. ಹಿಟ್ಟು ಕಲಸುವ ಮೆಷಿನ್ನು. ಫ್ರೀಜರು.
"ಇಷ್ಟು ಲೈನು ನಾನೇ ಎಳೆಸಿದ್ದರೆ ಎಷ್ಟು ಬೀಳ್ತಿತ್ತು?"
ಒಂದೂಮುಕ್ಕಾಲು ಲಕ್ಷ, ಅಂದೆ.
"ಅದನ್ನು ಕೂಡಿಸಿದಿರಾ?"

ಇಲ್ಲ.
ಬಾಗಿಲು ದಾಟಿದಾಗಿನಿಂದ ಬರೇ ಕಳೆಯುತ್ತಿದ್ದೆ.

ಅಲ್ಲೇ ಕಿಟಕಿಯ ದಂಡೆಯ ಮೇಲೆ ಕಾಗದವಿಟ್ಟು ಬರೆದೆ.
ಹಿಂದಿನ ಕೋಣೆಯಲ್ಲಿ ಬಾಡಿಗೆದಾರರು ಗಾಂಜಾ ಬೆಳೆದದ್ದು ಹೌದು.
ನ್ಯಾಯಾಲಯ ಮನೆ ಬಿಟ್ಟುಕೊಟ್ಟ ಆದೇಶ ಲಗತ್ತಿಸಿದೆ.
ಬೂಷ್ಟು ಕೆರೆದು ಗಾರೆ ಮಾಡಲು ಎಂಬತ್ತು ಸಾವಿರ ಕಳೆ.
ವಯರಿಂಗಿಗೆ ಒಂದೂಮುಕ್ಕಾಲು ಕೂಡು.
ಕಿಟಕಿ ತೆರೆಯುತ್ತದೆ.

(ಕೊನೆಯದನ್ನು ಬರೆಯುವ ಮೊದಲು
ಮೂವರೂ ಸೇರಿ ದೂಡಿ ನೋಡಿದ್ದೆವು.
ಎದುರುಮನೆಯ ಪರದೆ ಅಲುಗಿತು.)

ಫೈಲು ಲೀಗಲ್ಲಿನಲ್ಲಿದೆ.
ಮೊನ್ನೆ ಯಶವಂತಿಯ ಫೋನು. ಸಾಲದ ಮಾತೇ ಎತ್ತಲಿಲ್ಲ.
"ಆ ಇಪ್ಪತ್ತೊಂದು ಕೊಕ್ಕೆ ಉಂಟಲ್ಲ ಮೇಡಂ,
ಒಂದೊಂದು ಎಷ್ಟು ಕಿಲೋ ತಡೀತದೆ?"

ಲೆಕ್ಕ ಹಾಕಿ ಹೇಳುತ್ತೇನೆ, ಅಂದೆ.